ಹುಲಿ ಯಾಕೆ ಹಸುವನ್ನು ಬಿಟ್ಟಿತು?

ನನ್ನ ಮಗಳಿಗೆ ಈಗ ಎಂಟು ವರ್ಷ. ಮೊನ್ನೆ ಸಂಜೆ ಒಲೆ ಮುಂದೆ ಕೂತು ಪುಣ್ಯಕೋಟಿಯ ಹಾಡು ಬಾಯಿಪಾಠ ಮಾಡುತ್ತಿದ್ದಳು. ಹಸು ಹುಲಿಯನ್ನು ಬೇಡಿಕೊಳ್ಳುವ ಜಾಗಕ್ಕೆ ಬಂದವಳು ಹಾಡು ನಿಲ್ಲಿಸಿ ನನ್ನ ಮುಖ ನೋಡಿದಳು. "ಅಮ್ಮಾ, ಈ ಹುಲಿ ಯಾಕೆ ಹಸೂನ ಮನೆಗೆ ಹೋಗೋಕೆ ಬಿಡ್ತು? ನಮ್ಮ ಕೆಂಪೀನ ಬಿಡಲಿಲ್ವಲ್ಲ?"

ನಮ್ಮ ಮನೆ ಇರುವುದು ಕೊಡಗಿನ ಪೊನ್ನಂಪೇಟೆ ಕಡೆ. ನಾಗರಹೊಳೆ ಕಾಡು ಜಾಸ್ತಿ ದೂರವಿಲ್ಲ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಮೇಯಲು ಹೋದ ಕೆಂಪಿ ಕೊಟ್ಟಿಗೆಗೆ ವಾಪಸ್ ಬರಲಿಲ್ಲ. ಮಾರನೇ ದಿನ ಕಾಫಿ ತೋಟದ ಕೆಳಗಿನ ಕೊಲ್ಲಿಯಲ್ಲಿ ಅವಳ ಕೊರಳಿನ ಮರದ ಗಂಟೆ ಹಗ್ಗದ ಸಮೇತ ಸಿಕ್ಕಿತು. ಅವಳ ಕರು ಮೂರು ದಿನ ಕೂಗಿತು. ನಾಲ್ಕನೇ ದಿನ ಗಂಟಲು ಕಟ್ಟಿ ಸುಮ್ಮನಾಯಿತು. ಆ ಕೂಗು ಕೇಳಿ ಬೆಳೆದ ಮಗುವಿಗೆ "ಅದು ಸುಮ್ನೆ ಕಥೆ ಮಗಳೇ" ಅಂತ ಹೇಳಿ ಮುಗಿಸಲು ನನಗೆ ಮನಸ್ಸು ಬರಲಿಲ್ಲ. ಹಸು, ಎತ್ತು, ಮನುಷ್ಯ ಕೂಡಿ ಬರುವ ಕಥೆಗಳನ್ನೆಲ್ಲ ಮತ್ತೆ ನೆನೆಸಿಕೊಂಡೆ. ಅವಳಿಗೆ ಹೇಳಬೇಕಾದ ಉತ್ತರ ಅಲ್ಲೇ ಎಲ್ಲೋ ಇರಬೇಕು ಅನ್ನಿಸಿತು.

ಆದರೆ ಕಥೆಗೆ ಹೋಗುವ ಮೊದಲು ಕೊಟ್ಟಿಗೆಗೆ ಹೋಗಬೇಕು. ಬೆಳಿಗ್ಗೆ ಐದೂವರೆ. ನಮ್ಮಮ್ಮ ಕರುವಿನ ಕಣ್ಣಿ ಬಿಚ್ಚುತ್ತಾರೆ. ಅದು ಒಂದೇ ನೆಗೆತಕ್ಕೆ ಬಂದು ಕೆಚ್ಚಲಿಗೆ ಎರಡು ಸಲ ತಲೆಯಿಂದ ಗುದ್ದುತ್ತದೆ. ಹಸು ಕತ್ತು ತಿರುಗಿಸಿ ಕರುವಿನ ಬಾಲದ ಬುಡ ಮೂಸುತ್ತದೆ, ಆಮೇಲೆ ನೆಕ್ಕುತ್ತದೆ. ಸ್ವಲ್ಪ ಹೊತ್ತಿಗೆ ಜೋತುಬಿದ್ದಿದ್ದ ಮೊಲೆಗಳು ತುಂಬಿ ಬಿಗಿಯುತ್ತವೆ. ಕರುವಿನ ಕಟವಾಯಿಯಲ್ಲಿ ಬಿಳಿ ನೊರೆ ಕಂಡ ಕೂಡಲೇ ಅಮ್ಮ ಅದನ್ನು ಎಳೆದು ತಾಯಿಯ ಮುಂಗಾಲ ಹತ್ತಿರ ಕಟ್ಟುತ್ತಾರೆ. ಹಸು ಕರುವನ್ನು ನೆಕ್ಕುತ್ತಾ ನಿಂತಿರುತ್ತದೆ, ಇತ್ತ ಅಮ್ಮ ಕರೆಯುತ್ತಾರೆ. ಮೂರು ಮೊಲೆ ನಮಗೆ, ಒಂದು ಕರುವಿಗೆ. ನಮ್ಮ ಮನೆಯಲ್ಲಿ ಈ ಲೆಕ್ಕ ಎಂದೂ ತಪ್ಪಿಲ್ಲ.

ನಾಟಿ ಹಸು ಸಾಕಿದವರಿಗೆಲ್ಲ ಗೊತ್ತು, ಕರು ಬಾಯಿ ಹಾಕದೆ ಅದು ತೊರೆ ಬಿಡುವುದಿಲ್ಲ. ನಮ್ಮ ಮಲೆನಾಡು ಗಿಡ್ಡದ ಹಟ ಇನ್ನೂ ಜಾಸ್ತಿ. ಇದಕ್ಕೆ ಕಾರಣ ಆಕ್ಸಿಟೋಸಿನ್ ಅನ್ನುವ ಹಾರ್ಮೋನು. ಕರುವಿನ ವಾಸನೆ, ಅದರ ಬಾಯಿಯ ಸ್ಪರ್ಶ ಸಿಕ್ಕಾಗ ಹಸುವಿನ ಮೆದುಳು ಅದನ್ನು ರಕ್ತಕ್ಕೆ ಬಿಡುತ್ತದೆ. ಆಗ ಕೆಚ್ಚಲೊಳಗಿನ ಸಣ್ಣ ಸಣ್ಣ ಗೂಡುಗಳು ಹಿಂಡಿಕೊಂಡು ಹಾಲು ಮೊಲೆಗೆ ಇಳಿಯುತ್ತದೆ. ಇದರ ಪರಿಣಾಮ ಇರುವುದು ಕೆಲವೇ ನಿಮಿಷ. ಹಸು ಹೆದರಿದರೆ, ಹೊಸಬರು ಬಂದು ಗದ್ದಲ ಮಾಡಿದರೆ ಹಾಲು ಮೇಲೇರಿಬಿಡುತ್ತದೆ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಕರೆಯುವ ರೂಢಿ ಹಳ್ಳಿಗಳಲ್ಲಿ ಇದ್ದದ್ದೂ ಇದಕ್ಕೇ. ಹೆತ್ತ ತಾಯಿ ಮಗುವಿಗೆ ಹಾಲೂಡುವಾಗ ಕೆಲಸ ಮಾಡುವುದೂ ಇದೇ ಹಾರ್ಮೋನು.

ಅಂದರೆ ನಾವು ಕುಡಿಯುವ ಒಂದೊಂದು ಲೋಟವೂ ಕರುವಿಗಾಗಿ ಇಳಿದ ಹಾಲು. ಹಸು ನಮಗೆ ಅಂತ ಹಾಲು ಕೊಡುವುದಿಲ್ಲ. ಕರುವಿಗೆ ಕೊಡುವಾಗ ನಾವು ನಡುವೆ ಕೈ ಹಾಕುತ್ತೇವೆ. ಶನಿವಾರಸಂತೆ ಕಡೆಯ ನನ್ನ ಅಜ್ಜಿ ಇದನ್ನು ಒಂದೇ ಮಾತಲ್ಲಿ ಹೇಳುತ್ತಿದ್ದರು: "ಕರುವಿನ ಋಣ ಕಣೇ ಇದು, ತೀರಿಸೋಕಾಗಲ್ಲ." ನಾನು ಓದಿದ, ಕೇಳಿದ ಹಸುವಿನ ಕಥೆಗಳ ಅಡಿಯಲ್ಲಿ ಇರುವುದು ಈ ಋಣದ ಮಾತೇ. ಪೂಜೆ, ಪುಣ್ಯ ಎಲ್ಲ ಆಮೇಲಿನದ್ದು.

ಈಗ ಪುಣ್ಯಕೋಟಿಯ ಹಾಡಿಗೆ ಬನ್ನಿ. ಹುಲಿ ಅಡ್ಡ ಹಾಕಿದಾಗ ಹಸು ಪ್ರಾಣಭಿಕ್ಷೆ ಕೇಳುವುದಿಲ್ಲ. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅನ್ನುತ್ತದೆ, ಅಷ್ಟೇ. ತುಂಬಿದ ಕೆಚ್ಚಲು ಹೊತ್ತ ಹಸುವಿನ ಮೈಯಲ್ಲಿ ಆ ಹೊತ್ತಿಗೆ ಇರುವುದು ಅದೊಂದೇ ಚಿಂತೆ. ಕೊಟ್ಟಿಗೆಗೆ ಬಂದು ಕರುವಿಗೆ ಹಾಲು ಕೊಟ್ಟ ಮೇಲೆ ಉಳಿದ ಹಸುಗಳ ಹತ್ತಿರ ಇನ್ನೊಂದು ಮಾತು ಹೇಳುತ್ತದೆ: ನನ್ನ ಕಂದ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ. ಶಾಲೆಯಲ್ಲಿ ಹಾಡುವಾಗ ಈ ಸಾಲು ಸುಮ್ನೆ ದಾಟಿಹೋಗುತ್ತಿತ್ತು. ಕೆಂಪಿ ಹೋದ ಮೇಲೆ ನನಗೆ ಅದು ಅರ್ಥವಾಯಿತು.

ನಮ್ಮ ಕೊಟ್ಟಿಗೆಯಲ್ಲಿ ಆಗ ಬೆಳ್ಳಿ ಅನ್ನುವ ಇನ್ನೊಂದು ಹಸು ಕರು ಹಾಕಿತ್ತು. ಕೆಂಪಿಯ ಕರುವನ್ನು ಅದರ ಹತ್ತಿರ ಬಿಟ್ಟೆವು. ಹಿಂದಿನಿಂದ ಹೋದರೆ ಒದೆಯಿತು. ಮುಂದಿನಿಂದ ಹೋದರೆ ಕೊಂಬು ತಗ್ಗಿಸಿ ಹಾಯಲು ಬಂತು. ಹಾಡಿನಲ್ಲಿ ಇದ್ದಂತೆಯೇ, ಒಂದಿಷ್ಟೂ ವ್ಯತ್ಯಾಸವಿಲ್ಲ. ಹಸು ತನ್ನ ಕರುವನ್ನು ವಾಸನೆಯಿಂದಲೇ ಗುರುತಿಸುತ್ತದೆ, ಬೇರೆಯದನ್ನು ಹತ್ತಿರ ಸೇರಿಸುವುದಿಲ್ಲ. ಅಮ್ಮ ಬೆಳ್ಳಿಯ ಕರು ಮಲಗುವ ಸೊಪ್ಪಿನ ಮೇಲೆ ಈ ಕರುವನ್ನೂ ಮಲಗಿಸಿದರು, ಎರಡನ್ನೂ ಒಂದೇ ಗೋಣಿಚೀಲದಿಂದ ತಿಕ್ಕಿದರು, ಎರಡನ್ನೂ ಒಟ್ಟಿಗೆ ಬಿಟ್ಟರು. ಐದನೇ ದಿನ ಬೆಳ್ಳಿ ಸುಮ್ಮನೆ ನಿಂತಳು. ಆ ಹಾಡು ಕಟ್ಟಿದವರು ಯಾರೋ ಏನೋ. ಆದರೆ ತಾಯಿ ಸತ್ತ ಕರು ಹಟ್ಟಿಯಲ್ಲಿ ಏನು ಅನುಭವಿಸುತ್ತದೆ ಅಂತ ಅವರು ಕಣ್ಣಾರೆ ನೋಡಿದ್ದರು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಇದೇ ಕಥೆ ಬೇರೆ ಕಡೆಯೂ ಇದೆ. ಪದ್ಮ ಪುರಾಣದಲ್ಲಿ ಹಸುವಿನ ಹೆಸರು ನಂದಾ. ಅಲ್ಲಿನ ಹುಲಿ ನಿಜವಾಗಿ ಪ್ರಭಂಜನ ಅನ್ನುವ ರಾಜ. ಮರಿಗೆ ಹಾಲು ಕೊಡುತ್ತಿದ್ದ ಜಿಂಕೆಗೆ ಬಾಣ ಬಿಟ್ಟ ತಪ್ಪಿಗೆ ಅದರ ಶಾಪದಿಂದ ಹುಲಿಯಾಗಿರುತ್ತಾನೆ. ಗಮನಿಸಿ, ಅವನ ತಪ್ಪು ಬರೀ ಬೇಟೆಯಲ್ಲ, ಹಾಲು ಕುಡಿಯುವ ಮರಿಯ ಬಾಯಿ ತಪ್ಪಿಸಿದ್ದು. ಗುಜರಾತ್ ಕಡೆ ಹಸುವಿನ ಹೆಸರು ಬಹುಲಾ, ಅಡ್ಡ ಹಾಕುವುದು ಸಿಂಹ. ಅವಳ ನೆನಪಿನ ಚೌತಿಯ ದಿನ ವ್ರತ ಹಿಡಿದ ಹೆಂಗಸರು ಹಸುವಿನ ಹಾಲು ಮುಟ್ಟುವುದಿಲ್ಲ. ಅವತ್ತಿನ ಹಾಲು ಪೂರ್ತಿ ಕರುವಿಗೆ. ನಮ್ಮಜ್ಜಿ ಹೇಳಿದ ಋಣದ ಮಾತನ್ನು ಅವರು ವರ್ಷಕ್ಕೊಂದು ದಿನ ಮಾಡಿಯೇ ತೋರಿಸುತ್ತಾರೆ, ಅಲ್ವಾ?

ನಮ್ಮ ಕನ್ನಡದ ಹಾಡಿನಲ್ಲಿ ಶಾಪವೂ ಇಲ್ಲ, ಮಾರುವೇಷದ ದೇವರೂ ಇಲ್ಲ. ಹುಲಿ ಬರೀ ಹುಲಿ, ಹಸಿದ ಹುಲಿ. ನನಗೆ ಇದೇ ಜಾಸ್ತಿ ಇಷ್ಟ.

ಕಾಳಿದಾಸನ ರಘುವಂಶದಲ್ಲಿ ಇದೇ ಮೂವರು ಬೇರೆ ಜಾಗದಲ್ಲಿ ನಿಲ್ಲುತ್ತಾರೆ. ದಿಲೀಪ ರಾಜ ಒಮ್ಮೆ ದಾರಿಯಲ್ಲಿ ಕಂಡ ದೇವಲೋಕದ ಹಸು ಸುರಭಿಗೆ ನಮಸ್ಕಾರ ಮಾಡದೆ ಹೋದ. ಅದಕ್ಕೆ ಮಕ್ಕಳಾಗಲಿಲ್ಲ. ವಸಿಷ್ಠರ ಮಾತಿನಂತೆ ಸುರಭಿಯ ಮಗಳು ನಂದಿನಿಯನ್ನು 21 ದಿನ ಕಾಯುತ್ತಾನೆ. ಅವಳು ನಿಂತರೆ ನಿಲ್ಲುತ್ತಾನೆ, ಮಲಗಿದರೆ ಕೂರುತ್ತಾನೆ, ಅವಳು ನೀರು ಕುಡಿದ ಮೇಲೆ ತಾನು ಕುಡಿಯುತ್ತಾನೆ. ಕೊನೆಗೆ ಸಿಂಹ ಅವಳನ್ನು ಹಿಡಿದಾಗ "ಅವಳನ್ನು ಬಿಡು, ನನ್ನನ್ನು ತಿನ್ನು" ಅಂತ ಮೈ ಒಡ್ಡುತ್ತಾನೆ. ಪುಣ್ಯಕೋಟಿಯಲ್ಲಿ ಹಸು ಮಾತು ಉಳಿಸಿಕೊಂಡರೆ ಇಲ್ಲಿ ಮನುಷ್ಯನ ಸರದಿ. ಪರೀಕ್ಷೆಯೆಲ್ಲ ಮುಗಿದು ನಂದಿನಿ ಹಾಲು ಕುಡಿ ಅಂದಾಗ ದಿಲೀಪ ಏನು ಹೇಳುತ್ತಾನೆ ಗೊತ್ತಾ? ಕರು ಕುಡಿದು ಉಳಿದದ್ದನ್ನು, ಗುರುಗಳ ಅಪ್ಪಣೆ ಪಡೆದು ಕುಡಿಯುತ್ತೇನೆ ಅನ್ನುತ್ತಾನೆ. ರಾಜನಾದರೂ ಕರುವಿನ ಹಿಂದೆಯೇ ಸಾಲಲ್ಲಿ ನಿಲ್ಲಬೇಕು.

ಹಾಲಿನ ಋಣ ಹೀಗಾದರೆ ದುಡಿಮೆಯ ಋಣ ಇನ್ನೊಂದು. ಮಹಾಭಾರತದ ವನಪರ್ವದಲ್ಲಿ ವ್ಯಾಸರು ಧೃತರಾಷ್ಟ್ರನಿಗೆ ಒಂದು ಸಣ್ಣ ಕಥೆ ಹೇಳುತ್ತಾರೆ. ದೇವಲೋಕದ ಸುರಭಿ ಅಳುತ್ತಾ ಕೂತಿದ್ದಾಳೆ. ಯಾಕೆ ಅಂತ ಇಂದ್ರ ಕೇಳುತ್ತಾನೆ. ಕೆಳಗೆ ಭೂಮಿಯಲ್ಲಿ ಒಬ್ಬ ರೈತ ಬಡಕಲು ಎತ್ತನ್ನು ನೊಗಕ್ಕೆ ಕಟ್ಟಿ ಹೊಡೆಯುತ್ತಿದ್ದಾನೆ. ಜೊತೆಯ ಎತ್ತು ಗಟ್ಟಿ ಇದೆ, ಭಾರ ಎಳೆಯುತ್ತದೆ. ಇದು ಎಳೆಯಲಾರದೆ ಕುಸಿಯುತ್ತಿದೆ. "ನಿನಗೆ ಸಾವಿರಾರು ಮಕ್ಕಳಿದ್ದಾರಲ್ಲ, ಒಬ್ಬನಿಗೆ ಯಾಕೆ ಇಷ್ಟು ಅಳು?" ಅಂತ ಇಂದ್ರ ಕೇಳಿದರೆ, ಎಲ್ಲರೂ ಒಂದೇ, ಆದರೆ ಕಷ್ಟದಲ್ಲಿರುವವನ ಮೇಲೆ ಕರುಳು ಜಾಸ್ತಿ ಎಳೆಯುತ್ತದೆ ಅನ್ನುತ್ತಾಳೆ. ಇಂದ್ರ ಮಾತಾಡುವುದಿಲ್ಲ. ಜೋರು ಮಳೆ ಸುರಿಸಿ ಆ ಉಳುಮೆ ನಿಲ್ಲಿಸುತ್ತಾನೆ. ಜೂನ್, ಜುಲೈ ತಿಂಗಳ ಕೊಡಗಿನ ಮಳೆಯಲ್ಲಿ ಕೆಸರುಗದ್ದೆ ಉತ್ತವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಕೊಡಗಿನಲ್ಲಿ ಎತ್ತಿನ ಋಣ ಹಬ್ಬಗಳೊಳಗೆ ಸೇರಿಕೊಂಡಿದೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೋಳ್ದ್ ಬರುತ್ತದೆ. ಆಯುಧ ಪೂಜೆಯ ಹಬ್ಬ ಅಂತಲೇ ಹೊರಗಿನವರಿಗೆ ಗೊತ್ತು. ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸುತ್ತಾರೆ, ಅಕ್ಕಿಯ ಉಂಡೆ ಕಡಂಬುಟ್ಟು ಮಾಡುತ್ತಾರೆ. ಆದರೆ ಕೆಸರಿನಲ್ಲಿ ದುಡಿದ ನೇಗಿಲು, ನೊಗ ತೊಳೆದಿಟ್ಟು ಎತ್ತುಗಳಿಗೆ ಮೀಯಿಸಿ, ತಿನ್ನಿಸಿ, ಬಿಡುವು ಕೊಡುತ್ತಿದ್ದ ದಿನವೂ ಅದೇ. ಟಿಲ್ಲರ್ ಬಂದ ಮೇಲೆ ಆ ಭಾಗ ಸವೆಯುತ್ತಾ ಬಂದಿದೆ. ನಮ್ಮ ಅಟ್ಟದ ಮೇಲೂ ಒಂದು ನೊಗ ಇದೆ. ಎತ್ತಿನ ಕುತ್ತಿಗೆ ತಾಗಿ ತಾಗಿ ಅದರ ಎರಡು ಕಡೆಯೂ ಕನ್ನಡಿಯ ಹಾಗೆ ನುಣುಪಾಗಿದೆ.

ಇನ್ನೊಂದು ರೂಢಿ ಎತ್ತ್ ಪೋರಾಟ. ಕಕ್ಕಬೆ ಹತ್ತಿರದ ಪಾಡಿ ಇಗ್ಗುತ್ತಪ್ಪನ ಹಬ್ಬದಲ್ಲಿ, ಬೇರೆ ಎಷ್ಟೋ ಊರ ದೇವರ ಹಬ್ಬಗಳಲ್ಲಿ ಸಿಂಗರಿಸಿದ ಎತ್ತಿನ ಬೆನ್ನಿಗೆ ಅಕ್ಕಿ ಹೇರಿ ವಾಲಗದ ಜೊತೆ ದೇವಸ್ಥಾನಕ್ಕೆ ತರುತ್ತಾರೆ, ಗುಡಿಯ ಸುತ್ತ ಬರುತ್ತಾರೆ. ಯಾಕೆ ಎತ್ತು, ಯಾಕೆ ಅಕ್ಕಿ? ರಸ್ತೆ ಇಲ್ಲದ ಕಾಲದಲ್ಲಿ ಕೊಡಗಿನ ಅಕ್ಕಿ ಘಟ್ಟ ಇಳಿದು ಮಲಬಾರಿಗೆ ಹೋಗುತ್ತಿದ್ದದ್ದು ಹೇರೆತ್ತುಗಳ ಮೇಲೆ. ವಾಪಸ್ ಬರುವಾಗ ಅದೇ ಬೆನ್ನ ಮೇಲೆ ಉಪ್ಪು. ಕೊಡಗಿನ ಊಟಕ್ಕೆ ಉಪ್ಪು ಬಂದದ್ದೇ ಎತ್ತಿನಿಂದ ಅಂದರೆ ತಪ್ಪಿಲ್ಲ. ಈ ದಾರಿಯ ನೆನಪು ಇನ್ನೂ ಗಟ್ಟಿಯಾಗಿ ಉಳಿದಿರುವುದು ಗಡಿಯ ಆಚೆ, ಕಣ್ಣೂರು ಜಿಲ್ಲೆಯ ಉಳಿಕ್ಕಲ್ ಹತ್ತಿರದ ವಯತ್ತೂರು ದೇವಸ್ಥಾನದಲ್ಲಿ. ಕೊಡಗಿನವರು ಆ ದೇವರನ್ನು ಬೈತೂರಪ್ಪ ಅನ್ನುತ್ತಾರೆ. ಇಗ್ಗುತ್ತಪ್ಪನ ಒಡಹುಟ್ಟು ಅಂತ ನಂಬಿಕೆ. ಅಲ್ಲಿನ ಜನವರಿಯ ಊಟ್ಟು ಹಬ್ಬಕ್ಕೆ ಇವತ್ತಿಗೂ ಕೊಡಗಿನಿಂದ ಎತ್ತಿನ ಮೇಲೆ ಅಕ್ಕಿ ಹೋಗುತ್ತದೆ. ಎರಡು ರಾಜ್ಯ, ಎರಡು ಭಾಷೆ, ನಡುವೆ ಕಾಡು. ಕೊಂಡಿಯಾಗಿ ನಿಂತಿರುವುದು ಒಂದು ಎತ್ತು.

ಇಷ್ಟೊಂದು ಕೆಲಸಕ್ಕೆ ಬರುವ ಪ್ರಾಣಿ ಆಸ್ತಿಯೂ ಆಗುತ್ತದೆ. ನಾವು ದಿನಾ ಹೇಳುವ 'ದನ' ಅನ್ನುವ ಮಾತು 'ಧನ'ದಿಂದಲೇ ಬಂದದ್ದು. ಲ್ಯಾಟಿನ್‌ನಲ್ಲಿ ಪೆಕುಸ್ ಅಂದರೆ ಜಾನುವಾರು, ಪೆಕುನಿಯಾ ಅಂದರೆ ಹಣ. ಆಸ್ತಿ ಇದ್ದಲ್ಲಿ ಕಳ್ಳರೂ ಇರುತ್ತಾರೆ. ಋಗ್ವೇದದಲ್ಲಿ ಪಣಿಗಳು ಹಸುಗಳನ್ನು ಬಚ್ಚಿಟ್ಟಾಗ ಇಂದ್ರನ ನಾಯಿ ಸರಮೆ ಜಾಡು ಹಿಡಿದು ಹೋಗುತ್ತದೆ. ವಿರಾಟನ ದನ ಹೊಡೆದುಕೊಂಡು ಹೋದ ಕೌರವರನ್ನು ಬೃಹನ್ನಳೆಯಾಗಿದ್ದ ಅರ್ಜುನ ತಡೆಯುತ್ತಾನೆ. ಐರ್ಲೆಂಡಿನ ಅತಿ ದೊಡ್ಡ ಹಳೆಯ ವೀರಕಥೆಯೂ ಒಂದು ಕಂದು ಹೋರಿಗಾಗಿ ನಡೆದ ದಾಳಿಯದ್ದೇ. ನಮ್ಮಲ್ಲಿ ಇದು ಕಲ್ಲಿನಲ್ಲಿ ಉಳಿದಿದೆ. ಹಳಗನ್ನಡದಲ್ಲಿ ದನಕ್ಕೆ 'ತುರು' ಅನ್ನುತ್ತಿದ್ದರು, ದನ ಹಿಡಿಯುವ ದಾಳಿಗೆ 'ತುರುಗೋಳ್'. ಹೀಗೆ ಊರ ದನ ಬಿಡಿಸಲು ಹೋಗಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ಕರ್ನಾಟಕದ ತುಂಬ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಕೆಲವು ಕಡೆ ಮೂಲೆಯಲ್ಲಿ ಪುಟ್ಟ ದನಗಳು. ಅದರ ಮೇಲೆ ಅಪ್ಸರೆಯರು ವೀರನನ್ನು ಕರೆದುಕೊಂಡು ಹೋಗುವುದು, ತುದಿಯಲ್ಲಿ ಶಿವಲಿಂಗ. ಎಲ್ಲಾದರೂ ಕಂಡರೆ ಮೊದಲು ಆ ದನಗಳನ್ನು ಹುಡುಕಿ. ಇಡೀ ಕಲ್ಲು ನಿಂತದ್ದು ಅವುಗಳಿಗಾಗಿ.

ದೂರ ದೇಶಗಳಲ್ಲಿ ಹಸು ಲೋಕದ ಹುಟ್ಟಿಗೇ ಹೋಗಿ ನಿಲ್ಲುತ್ತದೆ. ಉತ್ತರ ಯುರೋಪಿನ ಪುರಾಣದಲ್ಲಿ ಔದುಮ್ಲಾ ಅನ್ನುವ ಹಸು ಉಪ್ಪಿನ ಹಿಮ ನೆಕ್ಕುತ್ತಾ ನೆಕ್ಕುತ್ತಾ ಮೊದಲ ದೇವರು ಹೊರಗೆ ಬರುತ್ತಾನೆ. ಹೊಸದಾಗಿ ಈದ ಹಸು ಕರುವನ್ನು ನೆಕ್ಕಿ ಎಬ್ಬಿಸುವುದನ್ನು ನೋಡಿದವರೇ ಇದನ್ನು ಕಟ್ಟಿರಬೇಕು. ಆಫ್ರಿಕಾದ ಮಾಸಾಯಿ ಜನ ದೇವರು ಆಕಾಶದಿಂದ ದನಗಳನ್ನು ತಮಗಾಗಿ ಇಳಿಸಿಕೊಟ್ಟ ಅಂತ ಹೇಳುತ್ತಾರೆ.

ಇನ್ನು ಹುಲಿ. ಮಗಳ ಪ್ರಶ್ನೆ ಇದ್ದದ್ದೇ ಅದರ ಬಗ್ಗೆ. ಕನ್ನಡದಲ್ಲಿ ನರಿ ಅಂದರೆ ಗುಳ್ಳೆನರಿ. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಹಿಂದೆ ಇಲ್ಲಿ ಹುಲಿ ಹೊಡೆದವನಿಗೆ 'ನರಿ ಮಂಗಲ' ಮಾಡುತ್ತಿದ್ದರು. ಅಂದರೆ ಹುಲಿಯ ಜೊತೆ ಮದುವೆ. ಸತ್ತ ಹುಲಿಯನ್ನು ಚಪ್ಪರದ ಹಾಗೆ ಕಟ್ಟಿದ ಕೋಲಿಗೆ ತೂಗುಹಾಕಿ, ಪಕ್ಕದಲ್ಲಿ ಅವನನ್ನು ಮದುಮಗನಂತೆ ಕೂರಿಸಿ, ಊರವರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಹಾಲು ಕುಡಿಸಿ, ಕಾಣಿಕೆ ಕೊಡುತ್ತಿದ್ದರು. ಹುಲಿ ದನಕರುಗಳ ವೈರಿ. ಆದರೂ ಕೊಂದ ಮೇಲೆ ಅದನ್ನು ನೆಂಟಸ್ತಿಕೆಯೊಳಗೆ ತಂದುಕೊಳ್ಳಬೇಕು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಲಿ ಬೇಟೆ ನಿಂತಿತು. ಅದು ಒಳ್ಳೆಯದೇ ಆಯಿತು. ಆದರೆ ಆ ಮದುವೆಯ ಹಿಂದಿನ ಯೋಚನೆ ಪುಣ್ಯಕೋಟಿಯ ಹಾಡಿಗೆ ತುಂಬ ಹತ್ತಿರ ಇದೆ. ಹಾಡಿನಲ್ಲೂ ಹುಲಿ ಕೊನೆಗೆ ಹಸುವನ್ನು ಒಡಹುಟ್ಟಿದ ಅಕ್ಕ ಅನ್ನುತ್ತದೆ. ಅಲ್ಲಿಯೂ ಹುಲಿ ನೆಂಟನೇ.

ಹೊಸ ಕಾಲದ ಕಥೆ, ಕಾದಂಬರಿಗಳಲ್ಲಿ ಹುಲಿಯ ಜಾಗಕ್ಕೆ ಮನುಷ್ಯರೇ ಬಂದು ನಿಂತರು. ಶಿವರಾಮ ಕಾರಂತರ 'ಚೋಮನ ದುಡಿ'ಯ ಚೋಮನ ಹತ್ತಿರ ಒಂದು ಜೊತೆ ಎತ್ತು ಇದೆ, ತೋಳಲ್ಲಿ ಬಲ ಇದೆ. ಉಳಲು ನೆಲ ಮಾತ್ರ ಇಲ್ಲ. ಅವನ ಜಾತಿಗೆ ಬೇಸಾಯ ಸಲ್ಲದು ಅನ್ನುತ್ತದೆ ಊರು. ಎತ್ತನ್ನು ನೊಗಕ್ಕೆ ಕಟ್ಟಲಾರದ ಅವನ ಸಂಕಟ ಓದಿದಾಗ, ದನದ ಜೊತೆಗಿನ ನಂಟು ಎಲ್ಲರಿಗೂ ಸಮನಾಗಿ ಸಿಕ್ಕಿರಲಿಲ್ಲ ಅಂತ ತಿಳಿಯುತ್ತದೆ. ಹಬ್ಬದ ಎತ್ತಿನ ಬಗ್ಗೆ ಬರೆಯುವಾಗ ನಾನು ಚೋಮನನ್ನು ಮರೆಯಲಾರೆ.

ಬಂಗಾಳಿಯ ಶರಚ್ಚಂದ್ರರ 'ಮಹೇಶ' ಕಥೆ ಓದಿ ಎರಡು ದಿನ ನನಗೆ ಕೆಲಸ ಓಡಲಿಲ್ಲ. ಗಫೂರ್ ಒಬ್ಬ ಬಡ ಮುಸ್ಲಿಂ ರೈತ. ತನ್ನ ಮುದಿ ಎತ್ತಿಗೆ ಶಿವನ ಹೆಸರಿಟ್ಟು ಮಗನಂತೆ ಸಾಕಿದ್ದಾನೆ. ಬರಗಾಲ. ಗೋಮಾಳ ಜಮೀನ್ದಾರನ ಪಾಲಾಗಿದೆ. ಗೋವಿನ ಶಾಸ್ತ್ರ ಹೇಳುವವರು ಒಂದು ಹಿಡಿ ಹುಲ್ಲು ಸಾಲ ಕೊಡುವುದಿಲ್ಲ. ಒಂದು ದಿನ ಬಾಯಾರಿದ ಮಹೇಶ ಮಗಳು ಅಮೀನಾ ಕಷ್ಟಪಟ್ಟು ತಂದ ನೀರಿನ ಕೊಡ ಬೀಳಿಸುತ್ತಾನೆ. ಹಸಿವು, ಅವಮಾನ, ಜ್ವರದಲ್ಲಿ ಬೇಯುತ್ತಿದ್ದ ಗಫೂರ್ ಕೈಗೆ ಸಿ‌ಕ್ಕಿದ್ದರಲ್ಲಿ ಹೊಡೆದುಬಿಡುತ್ತಾನೆ, ಮಹೇಶ ಸಾಯುತ್ತಾನೆ. ಅವತ್ತು ರಾತ್ರಿ ಅಪ್ಪ ಮಗಳು ಸೆಣಬಿನ ಕಾರ್ಖಾನೆಯ ಕೂಲಿಗೆ ಊರು ಬಿಟ್ಟು ಹೊರಡುತ್ತಾರೆ. ಅಮೀನಾ ಹಿತ್ತಾಳೆಯ ತಟ್ಟೆ, ಲೋಟ ಎತ್ತಿಕೊಂಡರೆ ಅಪ್ಪ ಬೇಡ ಅನ್ನುತ್ತಾನೆ. ಅದು ಮಹೇಶನ ಪ್ರಾಯಶ್ಚಿತ್ತಕ್ಕೆ ಇರಲಿ ಅಂತ. ಮನೆಯಲ್ಲಿ ಉಳಿದಿದ್ದದ್ದೇ ಅಷ್ಟು.

ಮುದಿ ದನದ ಪ್ರಶ್ನೆ ಹೊಸದೇನಲ್ಲ. ಕಠೋಪನಿಷತ್ತು ಶುರುವಾಗುವುದೇ ಅಲ್ಲಿಂದ. ಕುಡಿಯುವ ನೀರು ಕುಡಿದು, ತಿನ್ನುವ ಹುಲ್ಲು ತಿಂದು, ಕೊಡುವ ಹಾಲು ಕೊಟ್ಟು ಮುಗಿಸಿದ ಹಸುಗಳನ್ನು ಅಪ್ಪ ದಾನ ಕೊಡುವುದನ್ನು ನೋಡಿ ಬಾಲಕ ನಚಿಕೇತನಿಗೆ ಮನಸ್ಸು ಕಲಕುತ್ತದೆ. "ನನ್ನನ್ನು ಯಾರಿಗೆ ಕೊಡುತ್ತೀಯ?" ಅಂತ ಅವನು ಕೇಳುವುದು ಆಮೇಲೆ. ಯಮನ ಮನೆಯ ದೊಡ್ಡ ಮಾತುಕತೆಗೆ ದಾರಿಯಾದದ್ದು ಈ ಬಡಕಲು ಹಸುಗಳು.

ಇದನ್ನೆಲ್ಲ ಎಂಟು ವರ್ಷದ ಮಗುವಿಗೆ ಹೇಗೆ ಹೇಳುವುದು? ಎರಡು ದಿನ ಬಿಟ್ಟು, ಸಂಜೆ ಕೊಟ್ಟಿಗೆಗೆ ಸೊಪ್ಪು ಹಾಸುವಾಗ ಹೇಳಿದೆ. "ಆ ಹಾಡು ಕಟ್ಟಿದವರ ಮನೆಯಲ್ಲೂ ಒಂದು ಹಸು ವಾಪಸ್ ಬಂದಿರಲಿಲ್ಲ ಅಂತ ಕಾಣುತ್ತೆ ಪುಟ್ಟಿ. ಕರು ಕೂಗ್ತಾ ಇತ್ತು. ಅದಕ್ಕೆ ಅವರು ಹಾಡಲ್ಲಿ ಹಸೂನ ಒಂದು ಸಲ ಮನೆಗೆ ಕಳಿಸಿದರು, ಕರುವಿಗೆ ಹಾಲು ಕೊಡಲಿ ಅಂತ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದ್ರೆ ಕೆಂಪೀನೂ ಬಂದಿರ್ತಾಳೆ, ಹಾಡಲ್ಲಿ" ಅಂದಳು.

ಕೆಂಪಿಯ ಕರು ಈಗ ಮೊದಲ ಗಬ್ಬ. ಕೆಚ್ಚಲು ಬಿಡುತ್ತಿದೆ, ಇನ್ನು ಹದಿನೈದು ದಿನದಲ್ಲಿ ಈಯಬಹುದು ಅಂತ ಅಮ್ಮನ ಲೆಕ್ಕ. ದನಗಳನ್ನು ನಾವೀಗ ನಾಲ್ಕೂವರೆಗೇ ಹೊಡೆದುಕೊಂಡು ಬರುತ್ತೇವೆ. ಅಟ್ಟದಲ್ಲಿದ್ದ ಮರದ ಗಂಟೆಯನ್ನು ಮಗಳು ಇಳಿಸಿಕೊಂಡಿದ್ದಾಳೆ. ಹೊಸ ಹಗ್ಗ ಹೊಸೆದುಕೊಡು ಅಂತ ದಿನಾ ಅಜ್ಜಿಯ ಬೆನ್ನು ಹತ್ತಿದ್ದಾಳೆ.